ಕಳೆ ಎಂಬ ಹೆಸರಿನ ಗಿಡವಿಲ್ಲ

ಕಳೆ ಎಂಬ ಹೆಸರಿನ ಗಿಡ ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಗರಿಕೆ ಇದೆ, ತುಂಬೆ ಇದೆ, ಉತ್ತರಾಣಿ ಇದೆ, ನೆಲನೆಲ್ಲಿ ಇದೆ, ಹೊನಗೊನ್ನೆ ಇದೆ. ಇವುಗಳಲ್ಲಿ ಯಾವುದನ್ನು ಬೇಕಾದರೂ, ಯಾವಾಗ ಬೇಕಾದರೂ ನಾವು ಕಳೆ ಎಂದು ಕರೆದುಬಿಡಬಹುದು. ಅದು ಹೆಸರಲ್ಲ, ತೀರ್ಪು. ರಾಗಿ ಹೊಲದಲ್ಲಿ ಆ ತೀರ್ಪಿಗೆ ಕಾರಣವಿದೆ. ಅಲ್ಲಿ ಪೈರಿನ ನೀರು, ಗೊಬ್ಬರ, ಬಿಸಿಲು ಮೂರರಲ್ಲೂ ಪಾಲು ಕೇಳುವ ಗಿಡವನ್ನು ಕೀಳದಿದ್ದರೆ ಕಣಕ್ಕೆ ಬರುವ ರಾಗಿ ಕಡಿಮೆಯಾಗುತ್ತದೆ. ಆದರೆ ಬೆಳೆಯೇ ಇಲ್ಲದ ಜಾಗದಲ್ಲಿ, ಅಂದರೆ ವಿಶ್ವವಿದ್ಯಾನಿಲಯದ ಹೂದೋಟದಲ್ಲಿ, ಅಪಾರ್ಟ್‌ಮೆಂಟಿನ ಅಂಗಳದಲ್ಲಿ, ಬಡಾವಣೆಯ ಪಾರ್ಕಿನಲ್ಲಿ, ಒಂದು ತುಂಬೆ ಗಿಡ ಯಾರ ಅನ್ನ ಕಸಿದುಕೊಂಡಿತೆಂದು ಅದರ ಮೇಲೆ ವಿಷ ಸುರಿಯುತ್ತಿದ್ದೇವೆ?

ನನ್ನ ವಾದ ಇಷ್ಟೇ: ತೋಟಗಳಲ್ಲಿ ರಾಸಾಯನಿಕ ಕಳೆನಾಶಕಕ್ಕೆ ಜಾಗವಿರಕೂಡದು. ಹೊಲದ ಮಾತು ಬೇರೆ, ಅದನ್ನೂ ತಪ್ಪಿಸಿಕೊಳ್ಳದೆ ಮುಂದೆ ಆಡುತ್ತೇನೆ.

ನಾನು ಪಿಎಚ್‌ಡಿ ಮಾಡುತ್ತಿರುವ ವಿಶ್ವವಿದ್ಯಾನಿಲಯದ ಹೆಸರು ಇಲ್ಲಿ ಮುಖ್ಯವಲ್ಲ. ನಿಮ್ಮ ಕ್ಯಾಂಪಸ್ಸಿನ ಹೆಸರನ್ನೇ ಹಾಕಿಕೊಂಡು ಓದಿದರೂ ಹೆಚ್ಚೇನೂ ತಪ್ಪಾಗಲಾರದು. ನಾನು ಸೇರಿದ ಹೊಸದರಲ್ಲಿ ನಮ್ಮ ವಿಭಾಗದ ಸುತ್ತ ಹನ್ನೆರಡು ಜನ ಹೆಂಗಸರು ತೋಟದ ಕೆಲಸ ಮಾಡುತ್ತಿದ್ದರು. ಮಳೆ ಬಿದ್ದ ಮಾರನೆಯ ದಿನ ಸಾಲಾಗಿ ಕೂತು ಕುಡುಗೋಲಿನ ತುದಿಯಲ್ಲಿ ಕಳೆ ಕೆತ್ತುವರು. ಸಂಜೆ ಹೋಗುವಾಗ ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಹಿಡಿ ಸೊಪ್ಪು. ಆಮೇಲೆ ಗುತ್ತಿಗೆ ಬದಲಾಯಿತು. ಈಗ ಐದು ಜನ ಉಳಿದಿದ್ದಾರೆ. ಉಳಿದವರ ಕೆಲಸವನ್ನು ವರ್ಷಕ್ಕೆ ಮೂರು ಸಲ, ಮತ್ತು ಯಾವುದಾದರೂ ತಪಾಸಣಾ ಸಮಿತಿ ಬರುವ ವಾರದಲ್ಲಿ ತಪ್ಪದೆ, ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬರುವ ಇಬ್ಬರು ಹುಡುಗರು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಕೈಗವಸು ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ, ಮೂಗಿಗೆ ಕರ್ಚೀಫು. ಕ್ಯಾನಿನಲ್ಲಿ ಏನಿದೆ ಎಂದು ಕೇಳಿದರೆ, “ಕಳೆ ಔಷಧಿ ಮೇಡಂ, ಮನುಷ್ಯರಿಗೆ ಏನೂ ಆಗಲ್ಲ” ಎನ್ನುತ್ತಾರೆ. ಸಿಂಪಡಿಸಿದ ಜಾಗದಲ್ಲಿ ಒಂದು ಬೋರ್ಡು ಇಲ್ಲ, ಒಂದು ಹಗ್ಗ ಕೂಡ ಕಟ್ಟಿರುವುದಿಲ್ಲ.

ಉಳಿದ ಐವರಲ್ಲಿ ಹಿರಿಯಾಕೆಯನ್ನು, ಈಗಲೂ ಸೊಪ್ಪು ಕೀಳುತ್ತೀರಾ ಅಕ್ಕ ಎಂದು ಕೇಳಿದೆ. ಆಕೆ ಹೇಳಿದ್ದು: “ಹೊಡ್ದವ್ರೋ ಇಲ್ವೋ ಹೆಂಗ್ ಗೊತ್ತಾಯ್ತದೆ ಕಣವ್ವ? ಹಳದಿ ಆಗೋಗಂಟ ಸೊಪ್ಪು ಸೊಪ್ಪಿನಂಗೇ ಇರ್ತದೆ.”

ಈ ಮಾತಿನಲ್ಲಿ ವಿಜ್ಞಾನ ತಪ್ಪಿಲ್ಲ. ಇಂಥ ಕ್ಯಾನುಗಳಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಇರುವುದು ಗ್ಲೈಫೊಸೇಟ್. 1974ರಲ್ಲಿ ಅಮೆರಿಕದ ಮಾನ್ಸಾಂಟೊ ಕಂಪನಿ ಇದನ್ನು ರೌಂಡಪ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಎಲೆಯ ಮೇಲೆ ಬಿದ್ದದ್ದು ಎಲೆಯನ್ನು ಸುಟ್ಟು ಸುಮ್ಮನಾಗುವುದಿಲ್ಲ. ಗಿಡದೊಳಗೆ ಇಳಿದು ಬೇರಿನ ತನಕ ಹೋಗುತ್ತದೆ. ಗಿಡ ತನಗೆ ಬೇಕಾದ ಕೆಲವು ಅಮೈನೊ ಆಮ್ಲಗಳನ್ನು ತಯಾರಿಸಿಕೊಳ್ಳಲು ಬಳಸುವ ಒಂದು ಕಿಣ್ವವನ್ನು ತಡೆಯುತ್ತದೆ. ಗಿಡ ಉಪವಾಸ ಬಿದ್ದಂತೆ ನಿಧಾನವಾಗಿ ಸಾಯುತ್ತದೆ. ಹಳದಿ ಕಾಣಿಸಿಕೊಳ್ಳಲು ಕೆಲವು ದಿನಗಳೇ ಬೇಕು. ಅಷ್ಟು ದಿನ ಹೊನಗೊನ್ನೆ ಹೊನಗೊನ್ನೆಯಂತೆಯೇ ಇರುತ್ತದೆ, ಕೈ ಚಾಚಿದರೆ ಸಿಗುತ್ತದೆ, ಸಾರಿಗೂ ಬೀಳುತ್ತದೆ.

ಇದನ್ನು ಸಮರ್ಥಿಸುವವರ ಮಾತೂ ಗೊತ್ತು. ಆ ಕಿಣ್ವದ ಹಾದಿ ಗಿಡಗಳಲ್ಲಿ, ಶಿಲೀಂಧ್ರಗಳಲ್ಲಿ, ಬ್ಯಾಕ್ಟೀರಿಯಾಗಳಲ್ಲಿ ಇದೆಯೇ ಹೊರತು ಪ್ರಾಣಿಗಳಲ್ಲಿ ಇಲ್ಲ, ಆದ್ದರಿಂದ ನಮಗೇನೂ ಆಗದು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂಥ ಸಂಭವ ಕಾಣದು ಎಂದಿತು. ಕ್ಯಾಲಿಫೋರ್ನಿಯಾದಲ್ಲಿ ಶಾಲೆಯೊಂದರ ಮೈದಾನ ನೋಡಿಕೊಳ್ಳುತ್ತಿದ್ದ ಡ್ವೇನ್ ಜಾನ್ಸನ್ ಎಂಬ ನೌಕರ ಕ್ಯಾನ್ಸರ್ ಬಂದ ಮೇಲೆ ಹೂಡಿದ ಮೊಕದ್ದಮೆಯಲ್ಲಿ 2018ರಲ್ಲಿ ಜ್ಯೂರಿ ಆತನ ಪರ ನಿಂತಿತು. ಈ ಜಗಳವನ್ನು ನಾನು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಏಕೆಂದರೆ ನಿರಪಾಯ ಎನ್ನುವವರು ಕೂಡ ಕೈಗವಸು ಹಾಕಿ, ಗಾಳಿಗೆ ಎದುರಾಗಿ ಸಿಂಪಡಿಸಬೇಡಿ, ಸಿಂಪಡಿಸಿದ ಜಾಗಕ್ಕೆ ಜನರನ್ನು ಬಿಡಬೇಡಿ ಎಂದೇ ಹೇಳುತ್ತಾರೆ. ಸಿಂಪಡಿಸಿದ ಎಲೆಯನ್ನು ತಿನ್ನಿ ಎಂದು ಯಾವ ಲೇಬಲ್ಲೂ ಹೇಳುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಗ್ಲೈಫೊಸೇಟ್ ಸಿಂಪಡಣೆಯನ್ನು ತರಬೇತಿ ಪಡೆದ ಪೆಸ್ಟ್ ಕಂಟ್ರೋಲ್ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸುವ ಆದೇಶ ಹೊರಡಿಸಿದ್ದು ಸುಮ್ಮನೆ ಅಲ್ಲ. ಆ ಆದೇಶದ ಹಿಂದಿನ ಆತಂಕ ಕಾಗದದ ಮೇಲೆ ಉಳಿಯಿತು. ಹವಾಯಿ ಚಪ್ಪಲಿಯ ಹುಡುಗನ ತನಕ ಅದು ಬರಲಿಲ್ಲ.

ಆ ಹುಡುಗರು ಅದನ್ನು ಔಷಧಿ ಎಂದರಲ್ಲ, ನಾವು ಕನ್ನಡಿಗರೆಲ್ಲ ಹಾಗೆಯೇ ಅನ್ನುತ್ತೇವೆ. ಬೆಳೆಗೆ ಔಷಧಿ ಹೊಡೆದೆ, ಹುಲ್ಲಿಗೆ ಔಷಧಿ ಹೊಡೆಸಿದೆ. ಹುಲ್ಲಿಗೆ ಬಂದ ಕಾಯಿಲೆಯಾದರೂ ಏನು, ಔಷಧಿ ಕೊಡಲು? ಸರ್ಕಾರ 1968ರಲ್ಲಿ ಮಾಡಿದ ಕೀಟನಾಶಕ ಕಾಯ್ದೆಯ ವ್ಯಾಪ್ತಿಯಲ್ಲಿ ಕಳೆನಾಶಕವನ್ನೂ ಸೇರಿಸಿದೆ. ಬಾಟಲಿಯ ಮೇಲೆ ವಿಷದ ತೀವ್ರತೆ ತೋರಿಸುವ ಬಣ್ಣದ ಗುರುತು ಇರುತ್ತದೆ: ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಅತಿ ತೀವ್ರ, ಹಸಿರು ಎಲ್ಲಕ್ಕಿಂತ ಕಡಿಮೆ. ಆದರೆ ಹಸಿರು ಗುರುತು ಕಂಡ ಕೂಡಲೇ ಇದು ಸಾವಯವ ಇರಬೇಕು ಎನ್ನುವವರನ್ನು ನಾನೇ ನೋಡಿದ್ದೇನೆ. ಅದೇ ಅಂಗಡಿಯ ಅದೇ ಕಪಾಟಿನಲ್ಲಿ ಪ್ಯಾರಾಕ್ವಾಟ್ ಕೂಡ ಇರುತ್ತದೆ. ಅದು ಹೊಟ್ಟೆಗೆ ಹೋದರೆ ಪ್ರತಿವಿಷವಿಲ್ಲ. ಯುರೋಪಿನ ಒಕ್ಕೂಟದಲ್ಲಿ 2007ರಿಂದಲೇ ಅದಕ್ಕೆ ಅನುಮತಿಯಿಲ್ಲ. ಇದನ್ನೂ ಔಷಧಿ ಎಂದೇ ಕರೆದರೆ ಮಾತು ತನ್ನ ಕೆಲಸ ಬಿಟ್ಟಿತು ಎಂದೇ ಅರ್ಥ.

ಮಾತಿನ ವಿಷಯಕ್ಕೆ ಬಂದದ್ದಕ್ಕೆ ಕಾರಣವಿದೆ. ಹಳೇ ಮೈಸೂರು ಸೀಮೆಯ ಹೆಣ್ಣುಮಕ್ಕಳ ದುಡಿಮೆಯ ಪದಗಳು ನನ್ನ ಸಂಶೋಧನೆಯ ವಿಷಯ. ಕಳೆನಾಶಕದ ಕರಪತ್ರಕ್ಕೆ ಗೊತ್ತಿರುವುದು ಮೂರೇ ಜಾತಿ: ಅಗಲ ಎಲೆಯದು, ಹುಲ್ಲಿನ ಜಾತಿಯದು, ಜೇಕಿನ ಜಾತಿಯದು. ಕಳೆ ಕೀಳುವ ಹೆಂಗಸನ್ನು ಕೂರಿಸಿಕೊಂಡು ಕೇಳಿದರೆ ಅಣ್ಣೆ, ಗೋಣಿ, ಕಿರಕಸಾಲೆ, ಗಣಿಕೆ, ಕೊಮ್ಮೆ, ಒಂದೆಲಗ, ಹೊನಗೊನ್ನೆ ಎಂದು ಶುರುವಾಗಿ ಅರ್ಧ ನೋಟ್‌ಬುಕ್ ತುಂಬುತ್ತದೆ. ಯಾವುದು ಎಳೆಯದಿದ್ದಾಗ ಮಾತ್ರ ರುಚಿ, ಯಾವುದು ಬಾಣಂತಿಗೆ, ಯಾವುದನ್ನು ಒಂದೇ ಬೇಯಿಸಬಾರದು, ಯಾವುದು ಹಸುವಿಗೆ ಮಾತ್ರ ಎಂಬುದೆಲ್ಲ ಆ ಹೆಸರುಗಳ ಜೊತೆಗೇ ಬರುತ್ತದೆ. ನಾಲ್ಕೈದು ಸೊಪ್ಪು ಕಲೆತರೆ ಬೆರಕೆ ಸೊಪ್ಪು, ಅದರ ಜೊತೆಗೆ ಬೇಳೆ ಬಿದ್ದರೆ ಮಸ್ಸೊಪ್ಪು, ಪಕ್ಕದಲ್ಲಿ ಮುದ್ದೆ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಈಗ ಇದು ‘ಮರೆತ ಆಹಾರ’ದ ಹೆಸರಿನಲ್ಲಿ ಬಿಕರಿಯಾಗುತ್ತದೆ. ಮರೆತವರು ಯಾರು? ಕಿತ್ತು ತಿನ್ನುತ್ತಿದ್ದವರು ಮರೆತಿರಲಿಲ್ಲ. ಅವರು ಕೀಳುವ ಜಾಗಕ್ಕೆ ನಾವು ವಿಷ ಹೊಡೆದೆವು.

ಭಕ್ತಿಯಲ್ಲೂ ನಮ್ಮ ನಡತೆ ಹೀಗೇ ಇದೆ. ವರ್ಷವೆಲ್ಲ ಹುಲ್ಲುಹಾಸಿನಿಂದ ಗರಿಕೆ ಕಿತ್ತೆಸೆದು, ಗಣೇಶ ಚೌತಿಯ ಹಿಂದಿನ ದಿನ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಅದೇ ಗರಿಕೆಯ ಕಟ್ಟು ತರುತ್ತೇವೆ. ಶಿವರಾತ್ರಿಗೆ ತುಂಬೆ ಹೂ ಬೇಕು, ಉತ್ತರ ಕರ್ನಾಟಕದಲ್ಲಿ ದೀಪಾವಳಿಯ ಸೆಗಣಿ ಪಾಂಡವರಿಗೆ ಉತ್ತರಾಣಿ ಕಡ್ಡಿ ಬೇಕು, ರಥಸಪ್ತಮಿಯ ಸ್ನಾನಕ್ಕೆ ಎಕ್ಕದ ಎಲೆ ಬೇಕು. ಮುಖದ ಕಾಂತಿಗೂ ‘ಕಳೆ’ ಎನ್ನುವ ಭಾಷೆ ನಮ್ಮದು. ಆ ಭಾಷೆಯವರೇ ಅಂಗಳವನ್ನು ಹೀಗೆ ಕಳೆಗುಂದಿಸಿಕೊಂಡಿದ್ದೇವೆ.

ಇನ್ನು ತೀರ್ಪು ಕೊಡುವವರು ಯಾರೆಂದು ನೋಡೋಣ. ಒಂದು ಕಾಲಕ್ಕೆ ಅಮೆರಿಕದ ಮನೆಯಂಗಳದ ಹುಲ್ಲುಹಾಸಿನಲ್ಲಿ ಕ್ಲೋವರ್ ಎಂಬ ಮೂರೆಲೆಯ ಪುಟ್ಟ ಗಿಡವೂ ಸೇರಿರುತ್ತಿತ್ತು. ಅದು ನಮ್ಮ ಅಲಸಂದೆ, ಹುರುಳಿಗಳ ಹಾಗೆ ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸುವ ದ್ವಿದಳ ಜಾತಿ. ಹುಲ್ಲಿನ ಬೀಜದ ಪೊಟ್ಟಣದಲ್ಲೇ ಅದನ್ನು ಬೆರೆಸಿ ಮಾರುತ್ತಿದ್ದರು. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ 2,4-ಡಿ ಎಂಬ ಕಳೆನಾಶಕ ಮಾರುಕಟ್ಟೆಗೆ ಬಂತು. ಅದು ಹುಲ್ಲನ್ನು ಉಳಿಸಿ ಅಗಲ ಎಲೆಯ ಗಿಡಗಳನ್ನು ಕೊಲ್ಲುವಂಥದ್ದು. ಬೇಡದ ಗಿಡಗಳ ಜೊತೆಗೆ ಕ್ಲೋವರ್ ಕೂಡ ಸತ್ತಿತು. ಕ್ಲೋವರನ್ನು ಉಳಿಸುವ ಹಾಗೆ ವಿಷವನ್ನು ತಿದ್ದಲಾಗದ್ದರಿಂದ ಕ್ಲೋವರನ್ನೇ ಕಳೆಯ ಪಟ್ಟಿಗೆ ಸೇರಿಸಿದರು. ಗೊಬ್ಬರ ಕೊಡುತ್ತಿದ್ದ ಗಿಡ ಹೋಯಿತು, ಆ ಗೊಬ್ಬರವನ್ನು ಚೀಲದಲ್ಲಿ ಕೊಳ್ಳುವ ಕಾಲ ಬಂತು. ಕಳೆ ಯಾವುದು ಎಂದು ಅಲ್ಲಿ ನಿರ್ಧರಿಸಿದ್ದು ತೋಟದವನಲ್ಲ, ಬಾಟಲಿ.

ಅದೇ ಕ್ಲೋವರನ್ನು ಜಪಾನಿನ ಮಸನೊಬು ಫುಕುವೊಕಾ ತನ್ನ ಭತ್ತ ಮತ್ತು ಬಾರ್ಲಿ ಗದ್ದೆಗಳಲ್ಲಿ ಬೇಕೆಂದೇ ಬಿತ್ತಿದ. ನೆಲವನ್ನು ಅದರಿಂದಲೂ ಹುಲ್ಲಿನಿಂದಲೂ ಹೊದಿಸಿ ಕಳೆಯನ್ನು ಹದ್ದಿನಲ್ಲಿಟ್ಟ. ಫುಕುವೊಕಾನನ್ನು ಕನ್ನಡ ಓದುಗರಿಗೆ ‘ಸಹಜ ಕೃಷಿ’ ಪುಸ್ತಕದ ಮೂಲಕ ಪರಿಚಯಿಸಿದವರು ಪೂರ್ಣಚಂದ್ರ ತೇಜಸ್ವಿ. ರಸ್ತೆಬದಿಯ ಹೂಗಿಡಗಳ ಮೇಲೆ ಕಳೆನಾಶಕ ಸುರಿಯುವುದರ ಬಗ್ಗೆ ರೇಚಲ್ ಕಾರ್ಸನ್ ‘ಸೈಲೆಂಟ್ ಸ್ಪ್ರಿಂಗ್’ನಲ್ಲಿ ಬರೆದದ್ದು 1962ರಲ್ಲಿ. ನಮ್ಮ ಸಾಹಿತ್ಯ ವಿಭಾಗಗಳಲ್ಲಿ ಇಬ್ಬರೂ ಪಠ್ಯವಾಗಿದ್ದಾರೆ, ಪರಿಸರ ವಿಮರ್ಶೆಯ ಮೇಲೆ ಎರಡು ದಿನದ ಸೆಮಿನಾರುಗಳು ನಡೆಯುತ್ತವೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಆರಂಭದ ಮಾತು ಬ್ಯಾನರಿನ ಮೇಲೆ ಅಚ್ಚಾಗುತ್ತದೆ. ಆ ಬ್ಯಾನರಿನ ಕಂಬ ನೆಡುವ ಜಾಗವನ್ನು ಸ್ವಚ್ಛ ಮಾಡಲು ಹಿಂದಿನ ವಾರವೇ ಕ್ಯಾನಿನ ಹುಡುಗರು ಬಂದು ಹೋಗಿರುತ್ತಾರೆ. ಪ್ರಬಂಧ ಮಂಡಿಸಿದ ಯಾರೂ ಕಿಟಕಿಯಾಚೆ ಹಳದಿಯಾದ ಹುಲ್ಲು ಯಾಕೆ ಹಾಗಾಯಿತೆಂದು ಕೇಳುವುದಿಲ್ಲ.

ಈಗ ಎದುರು ವಾದಗಳು. ಮೊದಲನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು, ಅದು ನಮ್ಮ ಮನೆಯದೇ. ಕೈಯಲ್ಲಿ ಕಳೆ ಕೀಳುವುದು ಚೆಂದ ಎಂದು ಬರೆಯುವವರಿಗೆ ನನ್ನ ಅವ್ವನ ಸೊಂಟ ತೋರಿಸಬೇಕು. ಇಪ್ಪತ್ತು ವರ್ಷ ಕಳೆ ಕೂಲಿಗೆ ಹೋದ ಹೆಂಗಸು ಆಕೆ. ಈಗ ನೆಲಕ್ಕೆ ಕೂತರೆ ಏಳಲು ಗೋಡೆ ಬೇಕು. ಊರಿನಲ್ಲಿ ಕೂಲಿಯವರು ಸಿಗುವುದಿಲ್ಲ, ಸಿಕ್ಕರೂ ಎರಡು ಎಕರೆಯವನಿಗೆ ಕೂಲಿ ಕೊಟ್ಟು ಪೂರೈಸುವುದಿಲ್ಲ, ಮಳೆ ಹಿಡಿದುಕೊಂಡರೆ ಎಡೆಕುಂಟೆ ಇಳಿಯುವುದಿಲ್ಲ. ಅಂಥ ರೈತ ಕಳೆನಾಶಕ ತಂದರೆ ಅವನಿಗೆ ನೀತಿ ಹೇಳುವ ಅಧಿಕಾರ, ಸಂಬಳವೋ ಫೆಲೋಶಿಪ್ಪೋ ಪಡೆದು ಓದಿಕೊಂಡಿರುವ ನಮ್ಮ ಯಾರಿಗೂ ಇಲ್ಲ. ಅವನಿಗೆ ಬೇಕಾದ್ದು ಒಳ್ಳೆಯ ಸಲಕರಣೆ, ನ್ಯಾಯವಾದ ಬೆಲೆ, ಬದಲಿ ದಾರಿಗೆ ಬೇಕಾದ ಕಾಲಾವಕಾಶ. 2021ರಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಆಮದನ್ನು ಒಂದೇ ಏಟಿಗೆ ನಿಲ್ಲಿಸಿ, ಇಳುವರಿ ಕುಸಿದು, ಕೆಲವೇ ತಿಂಗಳಲ್ಲಿ ಹಿಂದೆಗೆದುಕೊಂಡದ್ದು ನಮ್ಮ ಕಣ್ಣೆದುರೇ ಇದೆ. ಸಾವಯವದ ಮಾತೆತ್ತಿದರೆ ಸಾಕು, ಕೆಲವರು ಈ ಉದಾಹರಣೆಯನ್ನು ಜೇಬಿನಿಂದ ತೆಗೆಯುತ್ತಾರೆ. ತೆಗೆಯಲಿ. ಅದು ಹೊಲದ ಉದಾಹರಣೆ. ಹೂದೋಟಕ್ಕೆ ಸಾಲವಿಲ್ಲ, ಬೆಳೆ ಕೈಕೊಡುವ ಭಯವಿಲ್ಲ, ಮಾರುಕಟ್ಟೆಯ ದರವಿಲ್ಲ. ರೈತನ ಕಷ್ಟವನ್ನು ಗುರಾಣಿ ಮಾಡಿಕೊಂಡು ಹುಲ್ಲುಹಾಸಿಗೆ ವಿಷ ಹೊಡೆಯುವುದು ರೈತನಿಗೆ ಮಾಡುವ ಅವಮಾನ.

ಹೊಲ ಬೇರೆ, ತೋಟ ಬೇರೆ ಎಂದು ಕಾನೂನಿನಲ್ಲೇ ಬೇರ್ಪಡಿಸಬಹುದು. ಫ್ರಾನ್ಸ್ ಮಾಡಿದೆ. 2014ರಲ್ಲಿ ತಂದ ಕಾಯ್ದೆಯ ಪ್ರಕಾರ 2017ರಿಂದ ಸಾರ್ವಜನಿಕ ಉದ್ಯಾನ, ನಡೆದಾಡುವ ಹಾದಿಗಳಲ್ಲಿ ಸರ್ಕಾರಿ ಸಂಸ್ಥೆಗಳು ರಾಸಾಯನಿಕ ಕೀಟನಾಶಕ, ಕಳೆನಾಶಕ ಬಳಸುವಂತಿಲ್ಲ. 2019ರಿಂದ ಮನೆಯ ತೋಟದವರೂ ಬಳಸುವಂತಿಲ್ಲ. ಅಲ್ಲಿನ ರೈತರ ಗ್ಲೈಫೊಸೇಟ್ ಜಗಳ ಇನ್ನೂ ಮುಗಿದಿಲ್ಲ. ಆದರೆ ಅದು ಮುಗಿಯುವ ತನಕ ಪಾರ್ಕಿನ ಮಕ್ಕಳು ಕಾಯಬೇಕಾಗಿ ಬರಲಿಲ್ಲ.

ಎರಡನೇ ವಾದ ಹಾವಿನದು. ಹುಲ್ಲು ಬೆಳೆದರೆ ಹಾವು ಬರುತ್ತದೆ, ಹಾಸ್ಟೆಲ್ ಮಕ್ಕಳ ಗತಿಯೇನು? ನಿಜವಾದ ಆತಂಕ. ಆದರೆ ಹಾವಿಗೆ ಬೇಕಾದ ಮರೆ ಹೋಗಲು ಹುಲ್ಲನ್ನು ಕತ್ತರಿಸಿದರೆ ಸಾಕು, ಕೊಲ್ಲಬೇಕಿಲ್ಲ. ಓಡಾಡುವ ಹಾದಿಯ ಎರಡೂ ಬದಿ ಹುಲ್ಲು ಕತ್ತರಿಸುವ ಯಂತ್ರ ಆಡಿಸಿ, ರಾತ್ರಿ ದೀಪ ಉರಿಯುವಂತೆ ನೋಡಿಕೊಂಡು, ಇಲಿಗಳನ್ನು ಕರೆಯುವ ಮೆಸ್ಸಿನ ಎಂಜಲನ್ನು ದಿನವೂ ಎತ್ತಿಸಿದರೆ ಹಾವಿನ ಭಯ ಅರ್ಧ ಕಡಿಮೆಯಾಗುತ್ತದೆ. ಹುಲ್ಲಿಗೆ ವಿಷ ಹೊಡೆದು ಎಂಜಲಿನ ರಾಶಿಯನ್ನು ಹಾಗೇ ಬಿಟ್ಟರೆ ಇಲಿಯೂ ಹೋಗದು, ಹಾವೂ ಹೋಗದು.

ಮೂರನೆಯದು ಕಾಂಗ್ರೆಸ್ ಗಿಡದ್ದು, ಅಂದರೆ ಪಾರ್ಥೇನಿಯಂ. ಅದು ಮೈ ತುರಿಸುತ್ತದೆ, ಉಬ್ಬಸ ತರುತ್ತದೆ, ಇದರಲ್ಲಿ ಎರಡು ಮಾತಿಲ್ಲ. ನಾನು ಎಲ್ಲ ಗಿಡವನ್ನೂ ಪೂಜಿಸಿ ಎನ್ನುತ್ತಿಲ್ಲ. ಇದನ್ನು ಕೀಳಲೇಬೇಕು, ಹೂ ಬಿಡುವ ಮೊದಲು, ಮಳೆ ಬಂದು ಮಣ್ಣು ಸಡಿಲವಿದ್ದಾಗ, ಕೈಗವಸು ಹಾಕಿಕೊಂಡು, ಬೇರುಸಹಿತ. ಹೂ ಬಿಡದ ಗಿಡ ಗೊಬ್ಬರದ ಗುಂಡಿಗೆ ಒಳ್ಳೆಯದೇ. ಇದನ್ನೇ ತಿನ್ನುವ ಮೆಕ್ಸಿಕೊದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಮಳೆಗಾಲದಲ್ಲಿ ಎಲೆಯೆಲ್ಲ ಜಾಲರಿಯಾದ ಪಾರ್ಥೇನಿಯಂ ಕಂಡರೆ ಅದು ಆ ಹುಳುವಿನ ಕೆಲಸವಿದ್ದೀತು. ಕಾಂಗ್ರೆಸ್ ಗಿಡದ ನೆಪದಲ್ಲಿ ಇಡೀ ಅಂಗಳಕ್ಕೆ ಸಿಂಪಡಿಸಿದರೆ ಆಗುವುದು ಇಷ್ಟು: ಅದಕ್ಕೆ ಎದುರು ನಿಲ್ಲಬಲ್ಲ ಹುಲ್ಲು, ಸೊಪ್ಪುಗಳೂ ಸಾಯುತ್ತವೆ, ನೆಲ ಬೋಳಾಗುತ್ತದೆ, ಬೋಳು ನೆಲಕ್ಕೆ ಮೊದಲು ಬರುವುದು ಮತ್ತೆ ಕಾಂಗ್ರೆಸ್ ಗಿಡವೇ.

ವಿಷ ಹೊಡೆಯುವವರಿಗೆ ಅರ್ಥವಾಗದ ಮುಖ್ಯ ಸಂಗತಿ ಇದು. ಗ್ಲೈಫೊಸೇಟ್ ಎದ್ದು ನಿಂತ ಗಿಡವನ್ನು ಕೊಲ್ಲುತ್ತದೆ, ಮಣ್ಣಿನಲ್ಲಿ ಮಲಗಿರುವ ಬೀಜವನ್ನಲ್ಲ. ಆ ಬೀಜಗಳಲ್ಲಿ ಅನೇಕವು ಬೆಳಕಿಗಾಗಿ ಕಾದಿರುತ್ತವೆ. ನೆಲ ಬೋಳಾದರೆ ಬೆಳಕು ಬಿತ್ತು, ಬೀಜ ಎದ್ದಿತು, ಗುತ್ತಿಗೆದಾರನಿಗೆ ಮತ್ತೆ ಬಿಲ್ಲು ಸಿಕ್ಕಿತು. ಸಾಲದ್ದಕ್ಕೆ ಪದೇ ಪದೇ ಅದೇ ವಿಷ ತಿಂದು ಬಗ್ಗದ ಗಿಡಗಳು ಹುಟ್ಟಿಕೊಳ್ಳುತ್ತವೆ. ಆಸ್ಟ್ರೇಲಿಯಾದಲ್ಲಿ ಗ್ಲೈಫೊಸೇಟಿಗೆ ಸಾಯದ ಹುಲ್ಲು ಮೊದಲು ದಾಖಲಾದದ್ದು 1996ರಲ್ಲಿ. ಆಮೇಲೆ ಪಟ್ಟಿ ಬೆಳೆಯುತ್ತಲೇ ಇದೆ.

ಹಾಗಾದರೆ ಮಾಡಬೇಕಾದ್ದೇನು? ನೆಲವನ್ನು ಬೋಳಾಗಿ ಬಿಡಬಾರದು. ಗಿಡಗಳ ಬುಡಕ್ಕೆ ಗೇಣುದ್ದ ತರಗೆಲೆ ಹೊದಿಸಿದರೆ ಬೀಜಕ್ಕೆ ಬೆಳಕು ಸಿಗದು, ತೇವವೂ ಉಳಿಯುತ್ತದೆ. ಹೆಚ್ಚು ಕಳೆಯಿರುವಲ್ಲಿ ತರಗೆಲೆಯ ಕೆಳಗೆ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಬಹುದು. ನಮ್ಮ ಕ್ಯಾಂಪಸ್ಸುಗಳಲ್ಲಿ ತರಗೆಲೆಗೆ ಕೊರತೆಯಿಲ್ಲ. ಮಾಗಿಯಲ್ಲಿ ಅದನ್ನು ಗುಡಿಸಿ ರಾಶಿ ಹಾಕಿ ಬೆಂಕಿ ಇಡುತ್ತೇವೆ, ಬೋಳಾದ ನೆಲಕ್ಕೆ ಮಳೆಗಾಲದಲ್ಲಿ ವಿಷ ಕೊಳ್ಳುತ್ತೇವೆ. ಹೊಗೆಯೂ ನಮಗೆ, ಬಿಲ್ಲೂ ನಮಗೆ. ಬಿಸಿಲು ಬೀಳುವಲ್ಲಿ ಅಲಸಂದೆಯನ್ನೋ ಸಿಹಿಗೆಣಸಿನ ಬಳ್ಳಿಯನ್ನೋ ಹಬ್ಬಿಸಬಹುದು. ಕಲ್ಲುಹಾಸಿನ ಸಂದಿಯ ಹುಲ್ಲಿಗೆ ಕುದಿಯುವ ನೀರು ಸಾಕು. ಉಪ್ಪು ಸುರಿಯಿರಿ ಎನ್ನುವ ಸಲಹೆಯನ್ನು ಮಾತ್ರ ಕೇಳಬೇಡಿ, ಅದು ಮಣ್ಣನ್ನೇ ಕೆಡಿಸುತ್ತದೆ. ಉಳಿದ ಕೆಲಸಕ್ಕೆ ನಿಂತುಕೊಂಡೇ ಕೆತ್ತಬಹುದಾದ ಉದ್ದ ಹಿಡಿಯ ಗುದ್ದಲಿ ಬೇಕು. ಸೊಂಟ ಬಗ್ಗಿಸದ ಸಲಕರಣೆ ಇದ್ದೂ ಹೆಂಗಸರನ್ನು ಕುಕ್ಕರುಗಾಲಲ್ಲಿ ಕೂರಿಸಿದ್ದು ಸಂಪ್ರದಾಯವಲ್ಲ, ಜಿಪುಣತನ.

ಕೊನೆಯ ವಾದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ನೀಟಾಗಿ ಕಾಣಬೇಕು. ಒಂದೇ ಹುಲ್ಲು, ಒಂದೇ ಎತ್ತರ, ಒಂದೇ ಬಣ್ಣ. ಉಣ್ಣಲು ಏನೂ ಬೆಳೆಯದ ನೆಲ ನಮ್ಮಲ್ಲಿದೆ ಎಂದು ತೋರಿಸಿಕೊಳ್ಳುವುದು ಇಂಗ್ಲೆಂಡಿನ ಜಮೀನುದಾರರ ಬಂಗಲೆಗಳ ಚಾಳಿಯಾಗಿತ್ತು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಅದು ಮಧ್ಯಮ ವರ್ಗದ ಅಂಗಳಕ್ಕೂ ಬಂತು. ವಸಾಹತಿನ ಜೊತೆ ನಮ್ಮಲ್ಲಿಗೂ ಬಂತು. ವಸಾಹತುಶಾಹಿಯ ಮೇಲೆ ಪುಟಗಟ್ಟಲೆ ಬರೆಯುವ ನಾವು ಆ ಹುಲ್ಲುಹಾಸಿನ ಮೇಲೆ ಕೂತೇ ಚಹಾ ಕುಡಿಯುತ್ತೇವೆ. ಕಣ್ಣಿಗೆ ಯಾವುದು ನೀಟು ಎಂಬುದು ಕಲಿತದ್ದು. ಬೇರೆಯಾಗಿ ಕಲಿಯಲೂಬಹುದು.

ಇದನ್ನು ಓದುತ್ತಿರುವವರಲ್ಲಿ ಬಹುಪಾಲು ವಿದ್ಯಾರ್ಥಿಗಳು. ನಿಮ್ಮಿಂದ ಆಗುವ ಕೆಲಸ ಚಿಕ್ಕದು, ನಿರ್ದಿಷ್ಟವಾದದ್ದು. ನಿಮ್ಮ ಕ್ಯಾಂಪಸ್ಸಿನ ತೋಟ ನೋಡಿಕೊಳ್ಳುವ ಕಚೇರಿಗೆ ಬರವಣಿಗೆಯಲ್ಲಿ ಕೇಳಿ: ಕಳೆದ ವರ್ಷ ಎಲ್ಲೆಲ್ಲಿ, ಯಾವ ದಿನ, ಯಾವ ಕಳೆನಾಶಕ, ಎಷ್ಟು ಲೀಟರ್ ಸಿಂಪಡಿಸಿದಿರಿ, ಸಿಂಪಡಿಸಿದವರಿಗೆ ತರಬೇತಿ ಇತ್ತೇ, ಕೈಗವಸು ಕೊಟ್ಟಿದ್ದಿರೇ? ಸರ್ಕಾರಿ ಸಂಸ್ಥೆಯಾದರೆ ಮಾಹಿತಿ ಹಕ್ಕು ಕಾಯ್ದೆಯಡಿ ಉತ್ತರ ಕೊಡಲೇಬೇಕು. ಮುಂದಿನ ಗುತ್ತಿಗೆಯ ಷರತ್ತುಗಳಲ್ಲಿ ರಾಸಾಯನಿಕ ಕಳೆನಾಶಕ ಬಳಸಬಾರದು ಎಂಬ ಒಂದು ಸಾಲು, ತೆಗೆದುಹಾಕಿದ ಹೆಂಗಸರನ್ನು ಮತ್ತೆ ಸೇರಿಸಿಕೊಳ್ಳಬೇಕು ಎಂಬ ಇನ್ನೊಂದು ಸಾಲು ಬರುವ ತನಕ ಬಿಡಬೇಡಿ. ಅದು ಬರುವುದಕ್ಕೆ ಮೊದಲು, ತುರ್ತಾಗಿ, ಸಿಂಪಡಿಸಿದ ಜಾಗದಲ್ಲಿ ಕನ್ನಡದಲ್ಲಿ ಒಂದು ಬೋರ್ಡು ಹಾಕಿಸಿ. ಅದರಲ್ಲಿ ಔಷಧಿ ಎಂದು ಬರೆಸಬೇಡಿ. ‘ಇಲ್ಲಿ ವಿಷ ಹೊಡೆದಿದೆ, ಸೊಪ್ಪು ಕೀಳಬೇಡಿ’ ಎಂದು, ತಾರೀಕು ಸಮೇತ, ದಪ್ಪ ಅಕ್ಷರದಲ್ಲಿ ಬರೆಸಿ. ಓದಲು ಬಾರದವರಿಗೆ ಗೊತ್ತಾಗುವ ಹಾಗೆ ಪಕ್ಕದಲ್ಲಿ ಒಂದು ಕೆಂಪು ಬಟ್ಟೆಯನ್ನೂ ಕಟ್ಟಿಸಿ.